ಬೇಕಾದಷ್ಟು ಗಾಡಿ ಅದಾವ್ರಿ

ನಮ್ಮ ಕಡೆ ಗಾಲಿ ಇದ್ದದ್ದೆಲ್ಲ ಗಾಡಿ. ಎತ್ತು ಹೂಡಿದರೂ ಗಾಡಿ, ಪೆಟ್ರೋಲು ಹಾಕಿದರೂ ಗಾಡಿ. ಹುಬ್ಬಳ್ಳಿ ಬಸ್ಸು ತಪ್ಪಿದರೆ "ಗಾಡಿ ಹೋತು" ಅನ್ನುತ್ತೇವೆ, ದವಾಖಾನೆಗೆ ಒಯ್ಯಲು ಬರುವ ಆಂಬುಲೆನ್ಸಿಗೂ "ಗಾಡಿ ಬಂತು" ಅನ್ನುತ್ತೇವೆ. ನಾನು ಕೂತು ತಿರುಗಾಡುವ ಗಾಲಿಕುರ್ಚಿಗೂ ನಮ್ಮೂರು ಮೊರಬದಲ್ಲಿ ಬೇರೆ ಹೆಸರಿಲ್ಲ. "ಟೇಲರ್ ಅಕ್ಕನ ಗಾಡಿ ಬಂತು, ಎಮ್ಮಿ ಸರಸ್ರಿ" ಅಂದರೆ ನಾನು ಬಂದೆ ಎಂದು ಅರ್ಥ. ಈ ಒಂದು ಶಬ್ದದಿಂದಾಗಿ ನಾನು ಒಂದು ಭಾನುವಾರ ಪಡಬಾರದ ಪಾಡು ಪಟ್ಟೆ. ಪಟ್ಟದ್ದು ಒಳ್ಳೆಯದೇ ಆಯಿತು ಎಂದು ಈಗ ಅನ್ನಿಸುತ್ತದೆ, ಅವತ್ತು ಹಾಗೆ ಅನ್ನಿಸಲಿಲ್ಲ.

ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಎರಡೂ ಕಾಲಿನ ಬಲ ಹೋಯಿತು. ಹೊಟ್ಟೆಪಾಡಿಗೆ ಹೆಂಗಸರ ಜಂಪರು ಹೊಲಿಯುತ್ತೇನೆ. ಊರಿನ ಉಳಿದ ಟೇಲರುಗಳು ಮಷೀನನ್ನು ಕಾಲಿನಿಂದ ತುಳಿಯುತ್ತಾರೆ, ನನ್ನದು ಬಲಗೈಯಿಂದ ತಿರುವುವ ಹಳೆಯ ಕೈಮಷೀನು. ಮನೆಯೊಳಗೆ ನೆಲಕ್ಕೆ ಕೈ ಊರಿ ತೆವಳುತ್ತೇನೆ. ಬೇಗ ತೆವಳುತ್ತೇನೆ, ಹಾಲು ಉಕ್ಕುವುದರೊಳಗೆ ಒಲೆ ಮುಟ್ಟುವಷ್ಟು ಬೇಗ. ಮನೆಯ ಹೊಸ್ತಿಲು ದಾಟಿದರೆ ಮಾತ್ರ ಗಾಡಿ ಬೇಕು. ಗಾಡಿ ಬಂದ ದಿನದಿಂದ ನಾಲ್ಕು ಜನರ ಎದುರು ನೆಲಕ್ಕೆ ಇಳಿದಿರಲಿಲ್ಲ ನಾನು.

ಗಾಡಿ ಬರುವುದಕ್ಕಿಂತ ಮುಂಚೆ ನನಗೆ ಅಕ್ಕ ಇದ್ದಳು. ನನಗಿಂತ ಕೆಲವೇ ವರ್ಷ ದೊಡ್ಡವಳು. ಶಾಲೆಗೆ, ಕೆರೆಗೆ, ಹೊಲಕ್ಕೆ, ಎಲ್ಲಿಗೆ ಹೋದರೂ ನನ್ನನ್ನು ಎಡಗಡೆಯ ಸೊಂಟದ ಮೇಲೆ ಕೂಡಿಸಿಕೊಂಡು ಹೋಗುತ್ತಿದ್ದಳು. ನಾನು ದಿನದಿನಕ್ಕೆ ಬೆಳೆಯುತ್ತಿದ್ದೆ, ಅವಳೇನು ಅಷ್ಟು ಬೆಳೆಯಲಿಲ್ಲ. ಇವತ್ತಿಗೂ ಅಕ್ಕನ ಜಂಪರು ಹೊಲಿಯುವಾಗ ಎಡಗಡೆಯ ಮಗ್ಗುಲನ್ನು ಬಲಗಡೆಗಿಂತ ಒಂದು ಬೆರಳು ಗಿಡ್ಡ ಮಾಡುತ್ತೇನೆ, ಇಲ್ಲದಿದ್ದರೆ ಆ ಕಡೆ ಬಟ್ಟೆ ನಿರಿಗೆಗಟ್ಟುತ್ತದೆ. ಯಾಕೆ ಎಂದು ಅವಳೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕತ್ತರಿ ಹಿಡಿದಾಗೊಮ್ಮೆ ಎದೆ ಚುರ್ ಅನ್ನುತ್ತದೆ, ಅಷ್ಟೆ.

ಅಕ್ಕನಿಗೆ ಒಂದು ರೋಗ. ತಲೆ ತಿರುಗುವುದು. ಹುಬ್ಬಳ್ಳಿಯಲ್ಲಿ ಎಕ್ಸಿಬಿಷನ್ ಬಂದಾಗ ಮನೆಮಂದಿಯೆಲ್ಲ ತಿರುಗುವ ದೊಡ್ಡ ತೊಟ್ಟಿಲು ಹತ್ತಿದರೆ ಅವಳು "ನನಗ ತಲಿ ತಿರಗತೈತಿ, ನಾ ಒಲ್ಲೆ" ಎಂದು ನನ್ನ ಬಾಜು ಬಂದು ಕೂಡುತ್ತಿದ್ದಳು. ಕೆರೆಯಲ್ಲಿ ದೋಣಿ ಬಿಟ್ಟಿದ್ದರೆ ನೀರು ನೋಡಿದರೇ ತಲೆ ತಿರುಗುತ್ತಿತ್ತು. ಮಕ್ಕಳ ಜೋಕಾಲಿ ನೋಡಿದರೂ ತಲೆ ತಿರುಗುತ್ತಿತ್ತು. ಊರು ಬಿಟ್ಟು ಹೊರಟರೆ ಸೆರಗಿನ ತುದಿಗೆ ಒಂದು ನಿಂಬೆಹಣ್ಣು ಕಟ್ಟಿಕೊಳ್ಳುತ್ತಾಳೆ. ಅವಳು ಅದನ್ನು ಮೂಸಿದ್ದನ್ನು ನಾನು ಕಂಡಿಲ್ಲ, ಮನೆಗೆ ಬಂದ ಮೇಲೆ ಅದು ಪಾನಕಕ್ಕೆ ಹೋಗುತ್ತದೆ. ನಮ್ಮ ಮಹಿಳಾ ಸಂಘದ ಹೆಂಗಸರು ಅವಳನ್ನು ಕಾಡದ ದಿನವಿಲ್ಲ. "ನಿಮ್ಮಕ್ಕಗ ರೊಟ್ಟಿ ತಿರಿವಿ ಹಾಕಿದ್ರೂ ತಲಿ ತಿರಗತೈತೇನ್ ಬೇ?" ಎಂದು ಕೇಳುತ್ತಾರೆ.

ಆ ಸಂಘದವರೇ ಆ ವರ್ಷ ಕಡಲೆ ಕಿತ್ತು, ಜೋಳ ಒಕ್ಕಿ ಮುಗಿದ ಮೇಲೆ ಒಂದು ದಿನ ಆಟದ ಪಾರ್ಕಿಗೆ ಹೋಗುವುದೆಂದು ನಿಶ್ಚಯ ಮಾಡಿದರು. ಹುಬ್ಬಳ್ಳಿ ದಾಟಿ ಸ್ವಲ್ಪ ದೂರ ಹೋದರೆ ಸಿಗುವಂಥದ್ದು, ತಿರುಗುವ ತೊಟ್ಟಿಲು, ನೀರಿನ ಜಾರುಬಂಡಿ, ಬಣ್ಣದ ರೈಲು, ಎಲ್ಲ ಇವೆಯಂತೆ. ನಾನೂ ಬರುತ್ತೇನೆ ಅಂದೆ. ಅಂದವಳೇ ಒಂದು ಹಟವನ್ನೂ ಮನಸ್ಸಿನಲ್ಲಿ ಕಟ್ಟಿಕೊಂಡೆ. ಅಲ್ಲಿ ಒಂದು ಆಟವನ್ನಾದರೂ ನಾನು ಆಡಬೇಕು, ಅದೂ ಯಾರಿಂದಲೂ ಎತ್ತಿಸಿಕೊಳ್ಳದೆ.

ಇದು ದೊಡ್ಡ ಆಸೆಯೇನಲ್ಲ ಎಂದು ಕಾಲಿದ್ದವರಿಗೆ ಅನ್ನಿಸಬಹುದು. ಎಲ್ಲಿಗೆ ಹೋದರೂ ನನಗೆ ಒಂದೇ ಕೆಲಸ ಇಟ್ಟಿರುತ್ತಾರೆ. ಒಂದು ನೆರಳು ಹುಡುಕಿ ಕೂಡಿಸಿ, "ನೀ ಇಲ್ಲೇ ಕುಂದ್ರು, ಸಾಮಾನ ನೋಡ್ಕೋ" ಅನ್ನುತ್ತಾರೆ. ಆಮೇಲೆ ಚೀಲ, ಚಪ್ಪಲಿ, ನೀರಿನ ಬಾಟಲಿ, ಒದ್ದೆ ಟವೆಲು, ಯಾರದೋ ಕೂಸು, ಎಲ್ಲ ನನ್ನ ಸುತ್ತ ಬಂದು ಬೀಳುತ್ತವೆ. ಸಿಟ್ಟಿನಿಂದ ಮಾಡುವುದಿಲ್ಲ, ಪ್ರೀತಿಯಿಂದಲೇ ಮಾಡುತ್ತಾರೆ. "ಆಕಿ ಇದ್ದಾಳಂತ ನಮಗ ನಿಶ್ಚಿಂತಿ" ಎಂದು ಹೊಗಳುತ್ತಾರೆ ಬೇರೆ. ಹೊಗಳಿಸಿಕೊಂಡು ಹೊಗಳಿಸಿಕೊಂಡು ನನಗೆ ಸಾಕಾಗಿಹೋಗಿತ್ತು.

ನಾನು ಎಲ್ಲಿಗಾದರೂ ಹೋಗುವ ಮುಂಚೆ ಫೋನು ಮಾಡಿ ಕೇಳುತ್ತೇನೆ. ಕಲ್ಯಾಣ ಮಂಟಪಕ್ಕೂ ಕೇಳುತ್ತೇನೆ, ಬ್ಯಾಂಕಿಗೂ ಕೇಳುತ್ತೇನೆ. ಪಾರ್ಕಿನ ನಂಬರು ಹುಡುಕಿ ಫೋನು ಹಚ್ಚಿದಾಗ ಒಬ್ಬ ಗಂಡಸು ಎತ್ತಿದ. ಹಿಂದೆ ಹಾಡಿನ ಗದ್ದಲ.

"ಒಳಗ ಗಾಡಿ ಸಿಗತಾವೇನ್ರಿ?" ಎಂದು ಕೇಳಿದೆ.

"ಸಿಗತಾವ್ರಿ ಮೇಡಂ. ಬೇಕಾದಷ್ಟು ಗಾಡಿ ಅದಾವ್ರಿ."

"ದೊಡ್ಡವ್ರಿಗಿ ಹೊಂದತಾವೇನ್ರಿ?"

"ದೊಡ್ಡವ್ರಿಗೂ ಅದಾವು, ಸಣ್ಣ ಹುಡುಗ್ರಿಗೂ ಅದಾವು."

ಸಣ್ಣ ಮಕ್ಕಳಿಗೂ ಇಟ್ಟಿದ್ದಾರೆ ಎಂದರೆ ಎಂಥ ಮಂದಿ ಇರಬೇಕು ಎಂದುಕೊಂಡೆ. "ನೂಕಾಕ ಯಾರರ ಬೇಕಾಗ್ತಾರೇನ್ರಿ?" ಅಂದೆ.

"ನೂಕೂದು ಯಾಕ್ರಿ? ಕರೆಂಟಿನ ಮ್ಯಾಲೆ ಓಡ್ತಾವು."

ಅವನು ತಾನಾಗಿಯೇ ಮುಂದುವರಿಸಿದ. "ಏನೂ ಅಂಜಬ್ಯಾಡ್ರಿ ಮೇಡಂ. ಒಂದಕ್ಕೊಂದು ಬಡದ್ರೂ ಏನೂ ಆಗಂಗಿಲ್ಲ. ಸುತ್ತಲೂ ದಪ್ಪನ್ನ ರಬ್ಬರ ಹಾಕೇವಿ."

ಫೋನಿಟ್ಟೆ. ರಬ್ಬರು ಕೂಡ ಹಾಕಿದ್ದಾರೆ! ಹೋದಲ್ಲೆಲ್ಲ ನನ್ನ ಗಾಡಿ ಬಾಗಿಲಿಗೆ, ಗೋಡೆಗೆ, ಮಂದಿಯ ಮೊಳಕಾಲಿಗೆ ಬಡಿದು ಬೈಸಿಕೊಳ್ಳುತ್ತದೆ, ಅದನ್ನೂ ವಿಚಾರ ಮಾಡಿ ಇಟ್ಟ ಮಂದಿ ಇದ್ದಾರಲ್ಲ ಎಂದು ಕಣ್ಣು ತುಂಬಿ ಬಂತು. ಸಂಜೆಯೊಳಗೆ ಓಣಿಗೆಲ್ಲ ಸಾರಿದೆ. ಅಕ್ಕ ಮಾತ್ರ ನಂಬಲಿಲ್ಲ. "ಕರೆಂಟಿಂದು? ಅಷ್ಟು ಛಲೋ ಮಂದಿ ಎಲ್ಲಿ ಅದಾರ ಲೇ?" ಅಂದಳು. ನಿನಗೆ ಯಾವುದರ ಮೇಲೂ ವಿಶ್ವಾಸವಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ. ಟೆಂಪೊದಲ್ಲಿ ಜಾಗ ಕಡಿಮೆ, ನನ್ನ ಗಾಡಿ ಇಟ್ಟರೆ ಒಬ್ಬಿಬ್ಬರು ಉಳಿದುಕೊಳ್ಳಬೇಕಿತ್ತು. ನಾನೇ ದೊಡ್ಡ ಮನಸ್ಸು ಮಾಡಿ ಗಾಡಿಯನ್ನು ಮನೆಯಲ್ಲಿ ಬಿಟ್ಟೆ.

ಭಾನುವಾರ ಬೆಳಗ್ಗೆ ಎದ್ದು ನೀರು ಕುಡಿಯಲಿಲ್ಲ. ಇದು ನನ್ನ ಯಾವತ್ತಿನ ಪದ್ಧತಿ. ಹೋದ ಕಡೆ ನನಗೆ ಹೊಂದುವ ಪಾಯಖಾನೆ ಇರುವುದಿಲ್ಲ, ಹಾಗಾಗಿ ಊರು ಬಿಡುವ ದಿನ ಗಂಟಲು ಒಣಗಿಸಿಕೊಂಡೇ ಹೊರಡುತ್ತೇನೆ. ಟೆಂಪೊದ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈಯಿಂದ ಮೈ ಎತ್ತಿ ಎತ್ತಿ ಸೀಟು ಮುಟ್ಟಿದೆ. ನನ್ನ ಬಾಜು ಚಾಚಿ ಕೂತಳು. ಚಾಚಿ ನಮ್ಮ ಪಕ್ಕದ ಮನೆಯ ಮುದುಕಿ, ನಾನು ಹೊಲಿದ ಜಂಪರುಗಳಿಗೆ ಹುಕ್ಕು ಹಾಕಿಕೊಡುತ್ತಾಳೆ. ನವಲಗುಂದದ ತವರಿನಿಂದ ತಂದ ಜಮಖಾನೆಯನ್ನು ಸುರುಳಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವಳ ತಾಯಿ ನೇಯ್ದದ್ದು, ನಡುವೆ ಪಗಡೆಯ ಹಾಸು, ಅಂಚಿಗೆ ನವಿಲು. ಹೊಸದರ ಹಾಗೆ ಇದೆ. ಮಂದಿ ಅದರ ಮೇಲೆ ಕೂತರೆ ಅವಳಿಗೆ ಖುಷಿ, ಚಪ್ಪಲಿ ಇಟ್ಟರೆ ಮಾತ್ರ ಮೈಮೇಲೆ ಬರುತ್ತಾಳೆ.

ಪಾರ್ಕಿನ ಗೇಟಿನ ಮುಂದೆ ಟೆಂಪೊ ನಿಂತಿತು. ಎಲ್ಲರೂ ಇಳಿದರು. ನಾನು ರಾಣಿಯ ಹಾಗೆ ಸೀಟಿನಲ್ಲೇ ಕೂತು, "ಅಕ್ಕಾ, ಹೋಗಿ ಒಂದು ಗಾಡಿ ಇಸ್ಕೊಂಡ ಬಾ. ದೊಡ್ಡವರದು ಅಂತ ಹೇಳು" ಅಂದೆ. ಅಕ್ಕ ಹೋದಳು. ತಿರುಗಿ ಬಂದಾಗ ಅವಳ ಸೆರಗು ಬಾಯಿಯ ಮೇಲಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಲೇ," ಅಂದಳು, "ಅವು ಢಿಕ್ಕಿ ಹೊಡ್ಯೂ ಗಾಡಿ."

"ಅಂದ್ರ?"

"ಕುಂತು ಒಬ್ಬರಿಗೊಬ್ಬರು ಢಿಕ್ಕಿ ಹೊಡ್ಯೂ ಆಟದ ಗಾಡಿ. ಕರೆಂಟಿನ ಮ್ಯಾಲೆ ಓಡ್ತಾವು. ಸುತ್ತ ರಬ್ಬರ ಐತಿ."

ಮೊದಲು ಚಾಚಿ ನಕ್ಕಳು. ಆಮೇಲೆ ಟೆಂಪೊ ಡ್ರೈವರು ನಕ್ಕ. ಸಂಘದವರೆಲ್ಲ ಗೇಟಿನ ಮುಂದೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನೂ ನಕ್ಕೆ, ನಗದೆ ಏನು ಮಾಡಲಿ. ನಗು ಮುಗಿದ ಮೇಲೆ ಎಲ್ಲರೂ ಗೇಟು ನೋಡಿದರು, ನನ್ನನ್ನು ನೋಡಿದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಹತ್ತಿರ ಬಂದು, "ಬಾ, ಎತ್ಕೋತೀನಿ" ಅಂದಳು. ಅವಳ ಮೊಳಕಾಲು ಆಗಲೇ ಮೆಟ್ಟಿಲು ಹತ್ತಿದರೆ ಕಟಕಟ ಅನ್ನುವ ಹಾಗಾಗಿದ್ದವು.

"ಮುಟ್ಟಿದ್ರ ನೋಡು!" ಅಂದೆ. ಅಷ್ಟು ಜೋರಾಗಿ ಅಂದೆನೆಂದರೆ ಟಿಕೆಟ್ ಕಿಟಕಿಯ ಸಾಲಿನಲ್ಲಿದ್ದವರು ತಿರುಗಿ ನೋಡಿದರು.

ಕೊನೆಗೆ ಅಕ್ಕನೇ ಜಗಳ ತೆಗೆದು, ಒಳಗೆ ಔಷಧಿ ಡಬ್ಬಿ ಇಡುವ ಕೋಣೆಯಿಂದ ಒಂದು ಗಾಲಿಕುರ್ಚಿ ತಂದಳು. ಅದರ ಮೇಲೆ ತಂಪು ಪಾನೀಯದ ಖಾಲಿ ಟ್ರೇಗಳನ್ನು ಪೇರಿಸಿಟ್ಟಿದ್ದರಂತೆ. ಕಾಲಿಡುವ ಹಲಗೆ ಒಂದು ಇರಲಿಲ್ಲ, ಬಲಗಡೆಯ ಗಾಲಿಯಲ್ಲಿ ಗಾಳಿ ಇರಲಿಲ್ಲ. ಸೀದಾ ನೂಕಿದರೆ ಬಲಕ್ಕೆ ಹೋಗುತ್ತಿತ್ತು. ಇದ್ದದ್ದು ಇದೊಂದೇ ಗಾಡಿ.

ಟಿಕೆಟ್ ಕಿಟಕಿಯಲ್ಲಿ ಇನ್ನೊಂದು ನಡೆಯಿತು. ಎಲ್ಲರ ಮುಂಗೈಗೂ ಒಂದು ನೀಲಿ ಕಾಗದದ ಪಟ್ಟಿ ಕಟ್ಟಿದರು. ನನ್ನ ಸರದಿ ಬಂದಾಗ ಆ ಹೆಣ್ಣುಮಗಳು ನಕ್ಕು, "ನಿಮಗ ಫ್ರೀ ರೀ ಅಕ್ಕಾರ. ಹಂಗ ಹೋಗ್ರಿ" ಅಂದಳು. ಪುಣ್ಯಾತ್ಮರು ಎಂದುಕೊಂಡು ಎರಡು ಮಾರು ಮುಂದೆ ಹೋದೆ. ಆಮೇಲೆ ತಲೆಗೆ ಹೊಳೆಯಿತು. ಪಟ್ಟಿ ಇಲ್ಲದವರನ್ನು ಯಾವ ಆಟಕ್ಕೂ ಹತ್ತಿಸುವುದಿಲ್ಲ. ಇವಳು ಯಾವುದನ್ನೂ ಹತ್ತುವುದಿಲ್ಲ ಎಂದು ಮೊದಲೇ ಗೊತ್ತುಮಾಡಿಕೊಂಡೇ ನನಗೆ ಪುಕ್ಕಟೆ ಮಾಡಿದ್ದಾರೆ. ಗಾಡಿ ತಿರುಗಿಸಿಕೊಂಡು ಬಂದೆ.

"ನನಗೂ ಪೂರಾ ಟಿಕೆಟ್ ಕೊಡ್ರಿ. ಪಟ್ಟಿ ಕಟ್ರಿ."

"ಯಾಕ್ರಿ ಅಕ್ಕಾರ, ಸುಮ್ಮನ ರೊಕ್ಕ ದಂಡ..."

"ದಂಡ ಆದ್ರ ನಂದು ಆಗ್ತೈತಿ. ಕಟ್ರಿ."

ಕಟ್ಟಿದಳು. ಆ ನೀಲಿ ಪಟ್ಟಿಯನ್ನು ನೋಡಿ ಅಕ್ಕ ಹಣೆ ಹಣೆ ಬಡಿದುಕೊಂಡಳು.

ಪಾರ್ಕಿನವರು ಕೆಟ್ಟವರು ಎಂದು ನಾನು ಹೇಳಲಾರೆ. ಗೇಟಿನ ಹತ್ತಿರ ಗಾಡಿ ಏರಲು ಒಂದು ಇಳಿಜಾರು ಕಟ್ಟಿದ್ದರು, ಚೆನ್ನಾಗಿಯೇ ಕಟ್ಟಿದ್ದರು. ಅದರ ತುದಿಗೆ ಯಾರೋ ಅಂದವಾಗಿ ಕಾಣಲಿ ಎಂದು ದೊಡ್ಡ ಹೂಕುಂಡ ಇಟ್ಟಿದ್ದರು. ಗಾಡಿಯ ಚಿತ್ರ ಬರೆದ ಪಾಯಖಾನೆಯೂ ಇತ್ತು, ಅದಕ್ಕೆ ಬೀಗ. ಬೀಗದ ಕೈ ತರಿಸಿದರೆ ಒಳಗೆ ಪೊರಕೆ, ಬಕೆಟ್ಟು, ಹಳೆಯ ಪೈಪು. ಕಸ ಗುಡಿಸುವ ಹೆಣ್ಣುಮಗಳು ನಾಚಿಕೊಂಡು ಎಲ್ಲ ಹೊರಗೆ ತೆಗೆದಳು. ತೆಗೆದ ಮೇಲೆ ನೋಡಿದರೆ ಅಗಲವಾದ ಬಾಗಿಲು, ಗೋಡೆಗೆ ಹಿಡಿದುಕೊಳ್ಳುವ ಸರಳು, ಎಲ್ಲ ಬರೋಬ್ಬರಿ. ಹೊರಗೆ ಬಂದವಳೇ ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದೆ. ಪರ ಊರಿನಲ್ಲಿ ಹಾಗೆ ಹೊಟ್ಟೆ ತುಂಬ ನೀರು ಕುಡಿದದ್ದು ನನಗೆ ನೆನಪಿಲ್ಲ. ಆ ನೀರಿನ ರುಚಿಯನ್ನು ಬಾಯಲ್ಲಿ ಹೇಳಲು ಬರುವುದಿಲ್ಲ.

ಆಟಗಳ ಹತ್ತಿರ ಮಾತ್ರ ನನ್ನ ಪಟ್ಟಿ ನಡೆಯಲಿಲ್ಲ. ದೊಡ್ಡ ತೊಟ್ಟಿಲಿಗೆ ಕಬ್ಬಿಣದ ಮೆಟ್ಟಿಲು, ಅದೂ ಕಡಿದಾದದ್ದು. ಬಣ್ಣದ ರೈಲಿಗೆ ಎತ್ತರದ ಕಟ್ಟೆ. ದೋಣಿಗೆ ಕೆಳಗಿಳಿದು ಮತ್ತೆ ಮೇಲೆ ಹತ್ತಬೇಕು. ಎಲ್ಲ ಕಡೆಯೂ ಸೀಟಿ ಹಿಡಿದು ನಿಂತವರು, "ಯಾರರ ಎತ್ತಿ ಕೂಡ್ರಿಸಿದ್ರ ಬಿಡ್ತೀವ್ರಿ" ಅಂದರು. ಎತ್ತುವವರು ಬೇಕಾದಷ್ಟು ಜನರಿದ್ದರು. ಸಂಘದ ಗಟ್ಟಿ ಹೆಣ್ಣುಮಕ್ಕಳು ಕೈ ಚಾಚಿದರು. ನಾನು ತಲೆ ಅಲ್ಲಾಡಿಸಿದೆ. ಯಾರಿಗೂ ಅರ್ಥವಾಗಲಿಲ್ಲ. ಎತ್ತಿಸಿಕೊಂಡರೆ ಆಟ ಆಡಿದ್ದು ಅವರಾಗುತ್ತಾರೆ, ನಾನು ಅವರ ಕೈಯೊಳಗಿನ ಗಂಟು ಆಗುತ್ತೇನೆ ಎಂದು ಹೇಗೆ ತಿಳಿಸಿ ಹೇಳುವುದು?

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಚಾಚಿ ಜಮಖಾನೆ ಹಾಸಿದಳು. ಚೀಲಗಳು ಬಂದವು, ಬಾಟಲಿ ಬಂದವು, ಒದ್ದೆ ಟವೆಲು ಬಂತು. ಅಕ್ಕ ಚೀಲಗಳನ್ನು ಒಂದು ಕಡೆ ಸೇರಿಸುತ್ತ, ನನ್ನ ಮುಖ ನೋಡದೆ, ಮೆಲ್ಲಗೆ ಅಂದಳು: "ಸಾಕ ಬಿಡು. ಬಾ, ಇಲ್ಲೇ ಕುಂದ್ರು. ನಾನೂ ಕುಂದರ್ತೀನಿ. ನನಗೂ ತಲಿ ತಿರಗಾಕ ಹತ್ತೈತಿ."

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಸಾಮಾನ ತಾವ ಕುಂದರ್ತಾವು. ನನ್ನ ಢಿಕ್ಕಿ ಗಾಡಿ ಕಡೆ ನೂಕು" ಅಂದೆ.

"ಅಲ್ಲಿ ಏನು ಮಾಡ್ತಿ?"

"ಫೋನಿನಾಗ ನನಗ ಕೊಡ್ತೀವಂದಿದ್ದು ಅದ ಗಾಡಿ. ಅದನ್ನರ ನೋಡ್ತೀನಿ."

ಸುಮ್ಮನೆ ಹಟಕ್ಕೆ ಅಂದ ಮಾತು. ಆದರೆ ಅಲ್ಲಿ ಹೋಗಿ ನೋಡಿದಾಗ ನನ್ನ ಸಿಟ್ಟು ಇಳಿಯಿತು. ದೊಡ್ಡ ತಗಡಿನ ನೆಲ, ಸುತ್ತಲೂ ಕಟಕಟೆ, ಒಳಗೆ ಕೆಂಪು, ಹಳದಿ, ಹಸಿರು ಗಾಡಿಗಳು. ಅವು ನೆಲಕ್ಕೆ ಹತ್ತಿಕೊಂಡೇ ಇದ್ದವು. ಬಾಗಿಲೇ ಇಲ್ಲದ ಗಿಡ್ಡ ಗಾಡಿಗಳು, ಸೀಟು ನಮ್ಮ ಮನೆಯ ಮಣೆಗಿಂತ ಸ್ವಲ್ಪ ಎತ್ತರ. ಇಡೀ ಪಾರ್ಕಿನಲ್ಲಿ ಎಲ್ಲವೂ ಹತ್ತುವವರಿಗಾಗಿ ಮಾಡಿದ್ದವು, ಇದೊಂದು ಮಾತ್ರ ತೆವಳುವವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಒಳಗೆ ಹೋಗುವ ದಾರಿ ಸಣ್ಣದು, ಗಾಲಿಕುರ್ಚಿ ಹಿಡಿಯುವುದಿಲ್ಲ. ಒಂದು ಮೆಟ್ಟಿಲು. ಅಲ್ಲಿಂದ ಖಾಲಿ ನಿಂತಿದ್ದ ಒಂದು ಹಸಿರು ಗಾಡಿಯವರೆಗೆ ತಗಡಿನ ನೆಲ.

ಅದರ ಮೇಲೆ ಹೋಗಬೇಕೆಂದರೆ ಎರಡೇ ದಾರಿ. ಒಂದು, ಅಕ್ಕನ ಸೊಂಟ. ಇನ್ನೊಂದು, ಕಟಕಟೆಯ ಸುತ್ತ ನಿಂತ ಅಷ್ಟು ಮಂದಿಯ ಎದುರು ನೆಲಕ್ಕೆ ಇಳಿಯುವುದು.

ಸೀಟಿ ಹಿಡಿದು ನಿಂತವನು ನಡುವಯಸ್ಸಿನ ಗಂಡಸು, ನನ್ನನ್ನು ನೋಡಿ ಎರಡೂ ಕೈ ಅಡ್ಡ ಹಿಡಿದ. "ಇಂಥವ್ರಿಗಿ ಇಲ್ಲಿ ಬರಂಗಿಲ್ರಿ."

"ಎಂಥವ್ರಿಗಿ?"

ಪಾಪ, ಅವನು ಅಕ್ಕನ ಮುಖ ನೋಡಿದ.

"ನೀವ ಫೋನಿನಾಗ ಹೇಳಿದ್ರಲ್ರಿ," ಅಂದೆ. "ದೊಡ್ಡವ್ರಿಗೂ ಗಾಡಿ ಅದಾವು, ನೂಕೂದು ಬ್ಯಾಡ, ಬಡದ್ರೂ ಏನೂ ಆಗಂಗಿಲ್ಲ, ಅಂಜಬ್ಯಾಡ್ರಿ ಅಂತ."

"ಅದು ನಾನಲ್ರಿ, ಆಫೀಸಿನ್ಯಾಗಿನವರು..."

"ಯಾರರ ಇರ್ಲಿ. ಪಟ್ಟಿ ಕಟ್ಟೀರೋ ಇಲ್ಲೋ?" ಎಂದು ಮುಂಗೈ ಎತ್ತಿ ತೋರಿಸಿದೆ.

ಅವನು ಪಟ್ಟಿ ನೋಡಿದ, ತಲೆ ಕೆರೆದುಕೊಂಡ, "ಬೆಲ್ಟ ಹಾಕ್ಕೋಬೇಕ್ರಿ ಮತ್ತ" ಎಂದು ಬದಿಗೆ ಸರಿದ.

ನಾನು ಕುರ್ಚಿಯ ತೋಳಿಗೆ ಕೈ ಕೊಟ್ಟು ಕೆಳಗೆ ಜಾರಿದೆ. ಅಕ್ಕ ಓಡಿಬಂದು ನನ್ನ ರಟ್ಟೆ ಹಿಡಿದಳು. "ಬ್ಯಾಡ ಲೇ. ಮಂದಿ ನೋಡ್ತಾರ. ನಾ ಎತ್ಕೋತೀನಿ, ಬಾ." ಚಿಕ್ಕಂದಿನಲ್ಲಿಯೂ ಇದೇ ಮಾತು ಅನ್ನುತ್ತಿದ್ದಳು. ಅಂಗಳದಲ್ಲಿ ನಾನು ತೆವಳುತ್ತಿರುವಾಗ ಯಾರಾದರೂ ಬಂದರೆ ಕೆಲಸ ಬಿಟ್ಟು ಓಡಿಬಂದು ನನ್ನನ್ನು ಎತ್ತಿಕೊಳ್ಳುತ್ತಿದ್ದಳು. ನನ್ನನ್ನು ಯಾರೂ ನೆಲದ ಮೇಲೆ ನೋಡಬಾರದು ಎನ್ನುವುದು ಅವಳ ಜೀವದ ಹಟ, ಅದಕ್ಕಾಗಿಯೇ ಅವಳ ಸೊಂಟ ವಾಲಿದ್ದು.

"ನೋಡ್ಲಿ," ಅಂದೆ. "ಬಿಡು."

ಬಿಟ್ಟಳು.

ಮೆಟ್ಟಿಲು ದಾಟಿದೆ. ತಗಡು ಬಿಸಿಯಾಗಿತ್ತು, ಅಂಗೈಗೆ ಎಣ್ಣೆ ಎಣ್ಣೆ ಹತ್ತಿತು. ಹಾಡು ಒದರುತ್ತಿದ್ದರೂ ಮಂದಿ ಸುಮ್ಮನಾದದ್ದು ನನಗೆ ತಿಳಿಯಿತು. ಯಾರೋ "ಅಯ್ಯ ಪಾಪ" ಅಂದರು. ನನ್ನ ಮುಖ ಕೆಂಡದ ಹಾಗೆ ಬಿಸಿಯಾಗಿತ್ತು, ನಾಚಿಕೆಯಾಗುತ್ತಿತ್ತು, ಬಹಳ ನಾಚಿಕೆಯಾಗುತ್ತಿತ್ತು. ಆದರೂ ನಮ್ಮ ಮನೆಯಲ್ಲಿ ಹೋಗುವ ಹಾಗೇ ಹೋದೆ, ಬೇಗ. ಹಸಿರು ಗಾಡಿಯ ಅಂಚಿಗೆ ಕೈ ಊರಿ ಒಮ್ಮೆ ಮೈ ಎತ್ತಿದೆ, ಸೀಟು ಸಿಕ್ಕಿತು. ಕಾಲುಗಳನ್ನು ಒಂದೊಂದಾಗಿ ಕೈಯಿಂದ ಒಳಗೆ ತಂದುಕೊಂಡೆ. ಬೆಲ್ಟ್ ಕಟ್ಟಿದೆ. ಸ್ಟೇರಿಂಗು ಹಿಡಿದೆ. ಯಾರೂ ಎತ್ತಿರಲಿಲ್ಲ. ನನಗೆ ಆದ ಸಂತೋಷವನ್ನು ಇವತ್ತು ನೆನೆದರೂ ಮೈ ಜುಮ್ಮೆನ್ನುತ್ತದೆ.

ಸೀಟಿ ಊದಿದರು. ಗಾಡಿಗಳೆಲ್ಲ ಒಮ್ಮೆಲೆ ಹೊರಟವು. ನನ್ನದು ಹೊರಡಲಿಲ್ಲ.

ಸ್ಟೇರಿಂಗು ಆ ಕಡೆ ತಿರುವಿದೆ, ಈ ಕಡೆ ತಿರುವಿದೆ. ಅಲುಗಲಿಲ್ಲ. ಒಬ್ಬ ಬಂದು ಹಿಂದಿನಿಂದ ಢಿಕ್ಕಿ ಹೊಡೆದ. ಇನ್ನೊಬ್ಬಳು ಪಕ್ಕದಿಂದ ಹೊಡೆದಳು. ಸೀಟಿಯವನು ದೂರದಿಂದ ಒದರಿದ: "ಕಾಲಿಂದ ಒತ್ರಿ ಮೇಡಂ! ಕೆಳಗ ಪೆಡಲ್ ಐತಿ, ಕಾಲಿಂದ ಒತ್ರಿ!"

ಬಗ್ಗಿ ನೋಡಿದೆ. ಹೌದು, ಕೆಳಗೆ ಮೂಲೆಯಲ್ಲಿ ಒಂದು ಕಬ್ಬಿಣದ ತುಂಡು ಇತ್ತು, ನನ್ನ ಸತ್ತ ಕಾಲಿನ ಪಕ್ಕದಲ್ಲೇ. ಇಡೀ ಊರಿನ ಮಷೀನುಗಳಲ್ಲಿ ನನ್ನದೊಂದೇ ಕೈಮಷೀನು ಎನ್ನುವುದನ್ನು ನಾನು ಮರೆತಿದ್ದೆ. ಸ್ಟೇರಿಂಗು ಬಿಟ್ಟು ಕೈಯಿಂದಲೇ ಪೆಡಲು ಒತ್ತಲು ಬಗ್ಗಿದರೆ ಬೆಲ್ಟ್ ಬಿಡಲಿಲ್ಲ. ಸುಮ್ಮನೆ ಕೂತೆ. ಎಲ್ಲರೂ ಬಂದು ಬಂದು ಹೊಡೆದು ಹೋದರು, ಏನೂ ಆಗಲಿಲ್ಲ, ಸುತ್ತಲೂ ದಪ್ಪ ರಬ್ಬರು ಇತ್ತಲ್ಲ. ಅಷ್ಟು ಮಂದಿಯ ಎದುರು ತೆವಳಿ ಬಂದು, ಕಡೆಗೆ ಇಲ್ಲಿಯೂ ಕೂತೇ ಇದ್ದೇನಲ್ಲ ಎಂದು ಅಳು ಬಂತು. ಮುಖ ಕೆಳಗೆ ಹಾಕಿ ಅತ್ತೆ.

ಆಟ ನಿಂತಿತು. ಇಳಿಯಬೇಕು ಎಂದು ಬೆಲ್ಟಿಗೆ ಕೈ ಹಾಕಿದಾಗ ತಗಡಿನ ಮೇಲೆ ಚಪ್ಪಲಿಯ ಸಪ್ಪಳ ಕೇಳಿಸಿತು. ಅಕ್ಕ. ಎಡಕ್ಕೆ ವಾಲಿಕೊಂಡು, ಮೊಳಕಾಲು ಹಿಡಿದುಕೊಂಡು ಬರುತ್ತಿದ್ದಳು. ಕಟಕಟೆಯ ಆಚೆಯಿಂದ ಚಾಚಿ ಕೂಗುತ್ತಿದ್ದಳು: "ನೀ ಹೋಗ ಬೇ, ಸಾಮಾನ ನಾ ನೋಡ್ಕೋತೀನಿ. ಜಮಖಾನಿ ನಂದೈತಿ!"

"ಸರಿ ಆಕಡಿ," ಅಂದಳು ಅಕ್ಕ.

ಗಾಡಿ ಗಿಡ್ಡದು. ನನಗೆ ಹಿತವಾದದ್ದು ಅವಳಿಗೆ ಕಷ್ಟವಾಯಿತು. ಅವಳ ಮೊಳಕಾಲು ಅಷ್ಟು ತಗ್ಗಿಗೆ ಬಗ್ಗಲೊಲ್ಲವು. ನಾನು ಎರಡೂ ಕೈಯಿಂದ ಅವಳ ತೋಳು ಹಿಡಿದು ಜಗ್ಗಿ ಒಳಗೆ ಕೂಡಿಸಿಕೊಂಡೆ. ಅವತ್ತು ಇಡೀ ದಿನದಲ್ಲಿ ಯಾರಾದರೂ ಯಾರನ್ನಾದರೂ ಎತ್ತಿದ್ದರೆ ನಾನು ಅಕ್ಕನನ್ನು ಎತ್ತಿದ್ದೊಂದೇ.

"ತುಳಿಯೂದು ನಾ ತುಳಿತೀನಿ," ಅಂದಳು. "ಎಲ್ಲಿ ಹೋಗಬೇಕು ನೀ ನೋಡ್ಕೋ."

ಸೀಟಿ ಊದಿದರು. ಅಕ್ಕ ಕಾಲು ಒತ್ತಿದಳು. ಗಾಡಿ ಹಾರಿದ ಹಾಗೆ ಮುಂದೆ ಹೋಯಿತು. ನಾನು ತಿರುವಿದೆ, ತಿರುಗಿತು! ಎದುರಿಗೆ ಹಳದಿ ಗಾಡಿಯಲ್ಲಿ ಸಂಘದ ಅಧ್ಯಕ್ಷೆಯ ಬೆನ್ನು ಕಂಡಿತು. ನಾನೇ ಹೊಲಿದ ಜಂಪರು, ಬೆನ್ನಿಗೆ ನಾನೇ ಹಾಕಿದ ಕೆಂಪು ದಾರ.

"ಹೊಡಿ ಆಕಿಗಿ!" ಎಂದು ಯಾರೋ ನನ್ನ ಕಿವಿಯಲ್ಲಿ ಚೀರಿದರು. ನೋಡಿದರೆ ಅಕ್ಕ. "ಆಕೀನ, ಆಕೀನ! ಬಲಕ್ಕ ತಿರಿವು!"

ಹೊಡೆದೆವು. ಅಧ್ಯಕ್ಷೆ ಅರ್ಧ ಸೀಟು ಎಗರಿದಳು. ಅಕ್ಕ ಪೆಡಲಿನಿಂದ ಕಾಲು ತೆಗೆಯಲೇ ಇಲ್ಲ. ಗೋಡೆಗೆ ಬಡಿದೆವು, ಕೆಂಪು ಗಾಡಿಗೆ ಬಡಿದೆವು, ಒಂದು ಕಡೆ ಸಿಕ್ಕಿಕೊಂಡು ಸುತ್ತಲೂ ಗಿರಗಿರ ತಿರುಗಿದೆವು. ಅವಳ ಸೆರಗು ಜಾರಿತ್ತು, ತುರುಬು ಬಿಚ್ಚಿತ್ತು. ಬಾಯಿ ತೆರೆದು ನಗುತ್ತಿದ್ದಳು, ಹುಡುಗಿಯ ಹಾಗೆ. ಅಕ್ಕ ಹಾಗೆ ನಗುವುದನ್ನು ನಾನು ನೋಡಿರಲೇ ಇಲ್ಲ.

ಆಟ ನಿಂತಾಗ ನನಗೇ ಕಣ್ಣಿಗೆ ಕತ್ತಲೆ ಬಂದಿತ್ತು. ಒಂದೆರಡು ಉಸಿರು ಬಿಟ್ಟು ಸುಧಾರಿಸಿಕೊಂಡೆ. ಅಕ್ಕ ಆಗಲೇ ಸೀಟಿಯವನಿಗೆ ಕೈ ಮಾಡಿ ಕರೆಯುತ್ತಿದ್ದಳು. "ಇನ್ನೊಮ್ಮಿ ಹೋಗೂಣು. ಇಳೀಬ್ಯಾಡ. ಪಟ್ಟಿ ಐತಿಲ್ಲೋ, ಎಷ್ಟ ಸಲಾ ಬೇಕಾದ್ರೂ ಬಿಡ್ತಾರಂತ."

"ಅಕ್ಕಾ," ಅಂದೆ, "ನಿನಗ ತಲಿ ತಿರಗತೈತಲ್ಲ?"

"ಯಾವಾಗ?" ಅಂದಳು.

ಅವಳ ಕೈ ತನ್ನಿಂದ ತಾನೇ ಸೆರಗಿನ ತುದಿಗೆ ಹೋಯಿತು, ನಿಂಬೆಹಣ್ಣು ಹುಡುಕಿತು. ಅದು ಎಲ್ಲಿ ಬಿಚ್ಚಿ ಬಿದ್ದಿತ್ತೋ, ಗಂಟಿನಲ್ಲಿ ಇರಲಿಲ್ಲ. ನಾನು ಅವಳನ್ನೇ ನೋಡುತ್ತಿದ್ದೆ. ಎಕ್ಸಿಬಿಷನ್ನಿನ ತೊಟ್ಟಿಲು, ಕೆರೆಯ ದೋಣಿ, ಜೋಕಾಲಿ, ಎಲ್ಲ ಒಂದಾದ ಮೇಲೆ ಒಂದು ನೆನಪಾದವು. ಪ್ರತಿ ಸಲವೂ ನೆರಳಿನಲ್ಲಿ ನಾನೊಬ್ಬಳೇ ಕೂತಿದ್ದೆ, ಪ್ರತಿ ಸಲವೂ ಅವಳಿಗೆ ತಲೆ ತಿರುಗಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಸೀಟಿ ಊದಿದರು. ಅಕ್ಕ ಪೆಡಲು ತುಳಿದಳು.

"ನನ್ನ ಮುಖಾ ಏನ ನೋಡ್ತಿ?" ಅಂದಳು. "ಮುಂದ ನೋಡ್ಕೊಂಡು ಹೊಡಿ."